ಕರೆಂಟ್ ಲೆಕ್ಕ, ಮಳೆ ಲೆಕ್ಕ: ನಮ್ಮ ಜಿಲ್ಲೆ ಲೆಕ್ಕ ಹಾಕೋರು ಯಾರು, ಅದನ್ನ ತಾಳೆ ನೋಡೋರು ಯಾರು?

ಸ್ಟಾಟ್ಸ್ ಮೇಷ್ಟ್ರು, ದಾವಣಗೆರೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತತಿ, ದಯವಿಟ್ಟು ಪೂರ್ತಿ ಓದ್ರಿ.

ನಮಗೆ ಕರೆಂಟ್ ಕೊಡೋ ಕಂಪನಿ ಬೆಸ್ಕಾಂನೋರು ದರ ಪರಿಷ್ಕರಣೆಗೆ ಕೆಇಆರ್‌ಸಿ, ಅಂದ್ರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕ್ತಾರಲ್ಲ, ಆಯೋಗದೋರು ಸಾರ್ವಜನಿಕರಿಂದ ಆಕ್ಷೇಪಣೆ ಕರೀತಾರೆ, ಆಮೇಲೆ ವಿಚಾರಣೆ ನಡೀತತಿ. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂಗೇ ಸೇರಿದ್ದು. ಅರ್ಜಿ ತೆಗೆದು ನೋಡಿದ್ರೆ ಪುಟಗಟ್ಟಲೆ ಬರೀ ಟೇಬಲ್. ನಮ್ಮ ಕಡೆಯೋರು ಕೇಳೋದು ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು, ಪಂಪ್ ಓಡಿಸೋ ತ್ರೀ ಫೇಸ್ ಕರೆಂಟ್ ರಾತ್ರಿ ಕೊಡೋದು ಇಂಥದ್ದು, ಅವೆಲ್ಲ ಕೇಳಲೇಬೇಕಾದವು, ಆದ್ರೆ ಟೇಬಲ್ ಹಿಡ್ಕೊಂಡು ವಾದ ಮಾಡೋರು ಯಾರು ಅಂದ್ರೆ ಕೈಗಾರಿಕೆಗಳ ಪರವಾಗಿ ಬರೋ ಕನ್ಸಲ್ಟೆಂಟ್‌ಗಳು. ಹಣ ಹಂಚಿಕೆ ಆಗೋದು ಆ ಟೇಬಲ್‌ಗಳಲ್ಲೇ.

ಒಂದೇ ಒಂದು ಸಾಲು ತಗೊಳ್ರಿ. ಐಪಿ ಸೆಟ್ ಬಳಕೆ, ಅಂದ್ರೆ ನೀರಾವರಿ ಪಂಪ್‌ಸೆಟ್ ಎಳೆಯೋ ಕರೆಂಟ್. 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಕರೆಂಟ್ ಫ್ರೀ, ಬಹಳಷ್ಟಕ್ಕೆ ಮೀಟರೇ ಇಲ್ಲ. ಹಂಗಾದ್ರೆ ರೈತ ಎಷ್ಟು ಯೂನಿಟ್ ಬಳಸಿದ ಅಂತ ಹೆಂಗೆ ಗೊತ್ತಾಗ್ತತಿ? ಅಂದಾಜು. ಸಬ್‌ಸ್ಟೇಷನ್‌ನಿಂದ ಒಂದು ಫೀಡರ್‌ಗೆ (ಊರುಗಳ ಕಡೆ ಹೋಗೋ ಮೇನ್ ಲೈನ್) 100 ಯೂನಿಟ್ ಹೋಯ್ತು ಅಂತ ಇಟ್ಕೊಳ್ರಿ. ಲೈನ್ ಲಾಸ್ 10 ಅಂತ ಬರೆದ್ರೆ ರೈತರ ಲೆಕ್ಕಕ್ಕೆ 90 ಬರ್ತತಿ, ಲಾಸ್ 20 ಅಂತ ಬರೆದ್ರೆ 80. ಆ ಮಧ್ಯದ 10 ಯೂನಿಟ್ ಹಳೇ ವೈರು ಬಿಸಿಯಾಗಿ ಹೋಗಿದ್ದೋ, ಕೊಕ್ಕೆ ಹಾಕಿ ಎಳೆದಿದ್ದೋ, ನಿಜವಾಗ್ಲೂ ತೋಟಕ್ಕೆ ನೀರು ಎತ್ತಿದ್ದೋ, ಆ ಕಾಗದ ನೋಡಿ ಯಾರಿಗೂ ಹೇಳಕ್ಕಾಗಲ್ಲ. ರೈತರ ಖಾತೇಲಿ ಬರೆದ್ರೆ ಸರ್ಕಾರದ ಸಬ್ಸಿಡಿಯಿಂದ ದುಡ್ಡು ಬರ್ತತಿ, ಲಾಸ್ ಅಂತ ಬರೆದ್ರೆ ಕಂಪನಿ ಆಯೋಗಕ್ಕೆ ಉತ್ತರ ಕೊಡಬೇಕಾಗ್ತತಿ. ವರ್ಷಕ್ಕೆ ಸಾವಿರಾರು ಕೋಟಿ ಸಬ್ಸಿಡಿ ಈ ಅಂದಾಜಿನ ಮೇಲೆ ನಿಂತತಿ. "ರೈತರು ಕರೆಂಟ್ ಪೋಲು ಮಾಡ್ತಾರೆ" ಅನ್ನೋ ಮಾತಿಗೂ ಇದೇ ಆಧಾರ. ಮೀಟರ್ ಹಾಕಿ ಅಂತ ಕೆಇಆರ್‌ಸಿನೇ ಆದೇಶದ ಮೇಲೆ ಆದೇಶ ಮಾಡ್ಕೊಂಡು ಬಂದತಿ.

ನಾನು ಹೇಳೋದು ಇಷ್ಟು. ಇಂಧನ, ಹವಾಮಾನದ ನೀತಿ ಮಾಡೋ ಜಾಗದಲ್ಲಿ ಲೆಕ್ಕ ಬಲ್ಲೋರು ಬೇಕೇ ಬೇಕು. ಆದ್ರೆ ಆ ಲೆಕ್ಕ ಏನೇನು ಊಹೆ ಮೇಲೆ ನಿಂತತಿ ಅನ್ನೋದನ್ನ ಅದರ ಪರಿಣಾಮ ಅನುಭವಿಸೋ ಜನ ಓದಿ, ತಾಳೆ ನೋಡಿ, ಇದು ಸರಿ ಇಲ್ಲ ಅನ್ನೋ ಹಂಗೆ ಇರಬೇಕು. ಈಗ ಹಂಗಿಲ್ಲ. ನಿಮ್ಮ ಅಭಿಪ್ರಾಯ ಹೇಳ್ರಿ.

ಅಡಿಕೆ ತೋಟ, ಹೊಳಲ್ಕೆರೆ

ಮೇಷ್ಟ್ರೇ ನಿಮ್ಮ ಮಾತು ಒಪ್ತೀನಿ ಆದ್ರೆ ನಮಗೆ ಲೆಕ್ಕ ಅಂದ್ರೇ ಭಯ ಕಣ್ರಿ. ಲೆಕ್ಕ ಬಂದಾಗೆಲ್ಲ ನಮಗೆ ನಷ್ಟವೇ ಆಗಿರೋದು. ಹವಾಮಾನ ಆಧಾರಿತ ಬೆಳೆ ವಿಮೆ ತಗೊಳ್ಳಿ, ಅಡಿಕೆಗೆ ಕಟ್ತೀವಲ್ಲ. ತೋಟದಲ್ಲಿ ಕೊಳೆ ಬಂದೈತಾ ಒಣಗೈತಾ ಅಂತ ಯಾರೂ ಬಂದು ನೋಡಲ್ಲ, ಪಂಚಾಯ್ತಿಲಿರೋ ಮಳೆ ಮಾಪನ ಏನು ಹೇಳ್ತದೋ ಅದೇ ಕೊನೆ ಮಾತು. ಎತ್ತಿನ ಒಂದು ಕೊಂಬಿಗೆ ಮಳೆ ಬಿದ್ರೆ ಇನ್ನೊಂದಕ್ಕೆ ಬೀಳಲ್ಲ ಅಂತ ನಮ್ಮ ಹಿರೀಕರು ಸುಮ್ನೆ ಹೇಳಿಲ್ಲ. ಮಾಪನ ಇರೋದು ಹಳ್ಳದ ಆ ಕಡೆ, ತೋಟ ಇರೋದು ಈ ಕಡೆ ಗುಡ್ಡದ ಬುಡಕ್ಕೆ. ಆ ಕಡೆ ಹದ ಆಗೈತೆ ಅಂತ ಮಾಪನ ಹೇಳಿದ್ರೆ ಈ ಕಡೆ ನನಗೆ ಪರಿಹಾರ ಇಲ್ಲ. ಕೇಳಕ್ಕೋದ್ರೆ "ಸಿಸ್ಟಮ್‌ನಲ್ಲಿ ಹಂಗೇ ಬಂದೈತೆ" ಅಂತಾರೆ. ಯಾರ ಹತ್ರ ಜಗಳ ಆಡೋದು? ಮನುಷ್ಯ ಆದ್ರೆ ಕೈ ಹಿಡಿದು ತೋಟಕ್ಕೆ ಕರ್ಕೊಂಡ್ ಬರಬೋದು.

ಅದಕ್ಕೇ ನಾನು ಕೇಳೋದು, ಲೆಕ್ಕದೋರನ್ನ ಇನ್ನೂ ಜಾಸ್ತಿ ಕೂರಿಸಿದ್ರೆ ನಮ್ಮ ಮಾತಿಗೆ ಇರೋ ಅಷ್ಟೋ ಇಷ್ಟೋ ಬೆಲೇನೂ ಹೋಗಲ್ವಾ?

ಗಾಳಿಗುಡ್ಡ, ಚಿತ್ರದುರ್ಗ

ನಾನು ಗಾಳಿಯಂತ್ರಗಳ ಮೇಂಟೆನೆನ್ಸ್ ಕೆಲಸದಲ್ಲಿರೋನು. ಹೊಳಲ್ಕೆರೆ ಅಣ್ಣನ ನೋವು ಅರ್ಥ ಆಗುತ್ತೆ. ಆದ್ರೆ ಲೆಕ್ಕ ಸರಿಯಾಗಿ ಕೂತ ಕಡೆ ಏನಾಗುತ್ತೆ ಅಂತಾನೂ ಹೇಳಬೇಕು.

ದುರ್ಗದ ಗಾಳಿ ಎಲ್ರಿಗೂ ಗೊತ್ತು, ಜೋಗಿಮಟ್ಟಿ ಸುತ್ತಮುತ್ತ ಆಷಾಢದಲ್ಲಿ ನಿಲ್ಲಕ್ಕಾಗಲ್ಲ. ಮೊದಲು ಪವನ ವಿದ್ಯುತ್ ಅಂದ್ರೆ ಗ್ರಿಡ್‌ನೋರಿಗೆ ತಲೆನೋವು, ಯಾವಾಗ ಬರುತ್ತೋ ಯಾವಾಗ ನಿಲ್ಲುತ್ತೋ ಅಂತ. ಆಮೇಲೆ ಕೆಇಆರ್‌ಸಿ ಫೋರ್‌ಕಾಸ್ಟಿಂಗ್ ನಿಯಮ ತಂತು. ದಿನವನ್ನ 15 ನಿಮಿಷದ 96 ಭಾಗ ಮಾಡಿ ಪ್ರತಿ ಭಾಗಕ್ಕೂ ಇಷ್ಟು ಕರೆಂಟ್ ಕೊಡ್ತೀವಿ ಅಂತ ಮುಂಚೇನೇ ಹೇಳಬೇಕು, ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಮಿತಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ದಂಡ, ನಿಯಮ ಬಂದಾಗ ಆ ಮಿತಿ 15 ಪರ್ಸೆಂಟ್ ಇತ್ತು. ಇಲ್ಲಿ ಲೆಕ್ಕ ಹಾಕೋನಿಗೂ ತಪ್ಪಿಗೂ ನೇರ ಸಂಬಂಧ ಇದೆ, ಅದಕ್ಕೇ ಅಂದಾಜು ದಿನದಿನಕ್ಕೂ ಚೆನ್ನಾಗಿ ಆಗ್ತಾ ಬಂತು. ಮಳೆ ವಿಮೆಯಲ್ಲಿ ಆ ಸಂಬಂಧ ಇಲ್ಲ ನೋಡಿ. ಅಲ್ಲಿ ಮಾಪನ ತಪ್ಪು ಹೇಳಿದ್ರೆ ನಷ್ಟ ಪೂರ್ತಿ ರೈತಂದೇ, ಲೆಕ್ಕ ಮಾಡಿದೋನಿಗೆ ಏನೂ ಇಲ್ಲ.

ಇನ್ನೊಂದು ನನ್ನ ಹೊಟ್ಟೆ ಉರಿ. ಮೆಗಾವ್ಯಾಟ್‌ಗೂ ಯೂನಿಟ್‌ಗೂ ವ್ಯತ್ಯಾಸ ನೋಡದೆ ನ್ಯೂಸ್ ಬರೀತಾರೆ, ಭಾಷಣ ಮಾಡ್ತಾರೆ. ಮೆಗಾವ್ಯಾಟ್ ಅಂದ್ರೆ ಸ್ಥಾವರದ ತಾಕತ್ತು, ಯೂನಿಟ್ ಅಂದ್ರೆ ಅದರಿಂದ ನಿಜವಾಗ್ಲೂ ಬಂದ ಕರೆಂಟ್. 100 ಮೆಗಾವ್ಯಾಟ್ ಪವನ ಸ್ಥಾವರ ವರ್ಷವಿಡೀ ಫುಲ್ ಓಡಲ್ಲ, 30 ಪರ್ಸೆಂಟ್ ಹಿಡಿದ್ರೆ ವರ್ಷಕ್ಕೆ ಸುಮಾರು 26 ಕೋಟಿ ಯೂನಿಟ್. ಸೋಲಾರ್ ಅದಕ್ಕಿಂತ ಕಡಿಮೆ ಪರ್ಸೆಂಟ್. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಅನಿಲ, ಡೀಸೆಲ್ ಬಿಟ್ಟು ಬೇರೆ ಮೂಲದ್ದು ಆಯ್ತು, 2030ಕ್ಕೆ ಇಟ್ಕೊಂಡಿದ್ದ ಗುರಿ ಐದು ವರ್ಷ ಮುಂಚೆನೇ ಮುಟ್ಟಿದ್ವಿ, ನಿಜವಾಗ್ಲೂ ಹೆಮ್ಮೆ ವಿಷಯ. ಆದ್ರೆ ಉತ್ಪಾದನೆ ಆಗೋ ಯೂನಿಟ್ ಲೆಕ್ಕ ನೋಡಿದ್ರೆ ಈಗಲೂ 70 ಪರ್ಸೆಂಟ್ ಆಸುಪಾಸು ಕಲ್ಲಿದ್ದಲಿಂದೇ. ಎರಡೂ ಸತ್ಯ. ಒಂದನ್ನೇ ಹೇಳಿದ್ರೆ ಜನ ದಾರಿ ತಪ್ತಾರೆ.

ಟೈಮಿಂಗ್ ಇನ್ನೂ ಮುಖ್ಯ. ನಮ್ಮ ಗಾಳಿ ಜೋರು ಇರೋದು ಜೂನ್‌ನಿಂದ ಸೆಪ್ಟೆಂಬರ್. ರಾಜ್ಯದಲ್ಲಿ ಬೇಡಿಕೆ ಜಾಸ್ತಿ ಇರೋದು ಫೆಬ್ರವರಿಯಿಂದ ಏಪ್ರಿಲ್, ಬೋರ್‌ವೆಲ್ ಎಲ್ಲಾ ಒಟ್ಟಿಗೆ ಓಡೋ ಕಾಲ. ವರ್ಷದ ಒಟ್ಟು ಹಾಕಿ ಸರಾಸರಿ ತೆಗೆದ್ರೆ ಎಲ್ಲಾ ಸರಿಹೋಗಿದೆ ಅನ್ಸುತ್ತೆ, ಮಾರ್ಚ್ ತಿಂಗಳ ಸಂಜೆ ಏಳು ಗಂಟೆ ಲೆಕ್ಕ ಹಾಕಿ ನೋಡಿ, ಬೇರೆ ಚಿತ್ರ.

ಅಡಿಕೆ ತೋಟ, ಹೊಳಲ್ಕೆರೆ

ತಪ್ಪಿದ್ರೆ ದಂಡ ಅನ್ನೋದು ಕೇಳಿ ಖುಷಿ ಆಯ್ತು. ಅದನ್ನ ನಮ್ಮ ಕಡೇಗೂ ತರ್ರಪ್ಪ.

ಹಿರಿಯೂರು ಅಕ್ಕ

ನಾನು ಹೈಸ್ಕೂಲ್ ಟೀಚರ್. ವಾಣಿವಿಲಾಸ ಸಾಗರದ ವಿಷಯ ಹೇಳಿದ್ರೆ ಈ ಚರ್ಚೆಗೆ ಉಪಯೋಗ ಆಗಬಹುದು. ಅದೇ ನಮ್ಮ ಮಾರಿಕಣಿವೆ ಡ್ಯಾಮ್, 1907ರಲ್ಲಿ ಕಟ್ಟಿ ಮುಗಿದಿದ್ದು, 1933ರಲ್ಲಿ ಕೋಡಿ ಬಿತ್ತು, ಆಮೇಲೆ 2022ರಲ್ಲೇ, 89 ವರ್ಷ ಆದ್ಮೇಲೆ. ಊರಿಗೆ ಊರೇ ಬಾಗಿನ ಕೊಡೋಕೆ ಹೋಗಿತ್ತು. ಮತ್ತೆ 2025ರ ಜನವರಿಯಲ್ಲೂ ಕೋಡಿ ಬಿತ್ತು. ಈಗ ಮಕ್ಕಳಿಗೆ ಈ ಮೂರು ಇಸವಿ ಬೋರ್ಡ್ ಮೇಲೆ ಬರೆದು ತೋರಿಸಿದ್ರೆ ತಕ್ಷಣ ಹೇಳ್ತಾರೆ, "ಮಿಸ್, ಹವಾಮಾನ ಬದಲಾವಣೆ, ಮಳೆ ಜಾಸ್ತಿ ಆಗಿದೆ" ಅಂತ. ದೊಡ್ಡೋರೂ ಅದನ್ನೇ ಹೇಳ್ತಾರೆ.

ಆದ್ರೆ 2019ರಿಂದ ಭದ್ರಾ ನೀರು ಪಂಪ್ ಮಾಡಿ ವೇದಾವತಿ ಮೂಲಕ ಈ ಡ್ಯಾಮ್‌ಗೆ ಹರಿಸ್ತಿದ್ದಾರಲ್ಲ! 2022ರಲ್ಲಿ ಮಳೆನೂ ಭರ್ಜರಿ ಆಯ್ತು, ಇಲ್ಲ ಅನ್ನಲ್ಲ, ಆದ್ರೆ ಡ್ಯಾಮ್ ಒಳಗೆ ಆಗಲೇ ಬೇರೆ ಕಣಿವೆ ನೀರು ಇತ್ತು. ಬರೀ ನೀರಿನ ಮಟ್ಟ ನೋಡಿ ಮಳೆ ಬಗ್ಗೆ ತೀರ್ಮಾನ ಮಾಡಕ್ಕಾಗಲ್ಲ. ಈ ವಿಷಯ ಗೊತ್ತಿರೋದು ಇಲ್ಲಿ ಬದುಕೋರಿಗೆ, ಎಲ್ಲೋ ಕೂತು ನೀರಿನ ಮಟ್ಟದ ಗ್ರಾಫ್ ಹಾಕೋರಿಗೆ ಯಾರಾದ್ರೂ ಹೇಳದೇ ಇದ್ರೆ ಗೊತ್ತಾಗಲ್ಲ. ಅದಕ್ಕೇ ಹೊಳಲ್ಕೆರೆ ಅಣ್ಣನಿಗೆ ನಾನು ಹೇಳೋದು, ಲೆಕ್ಕ ಬಂದ್ರೆ ನಿಮ್ಮ ಮಾತಿಗೆ ಬೆಲೆ ಹೋಗಬೇಕಾಗಿಲ್ಲ, ನಿಮ್ಮ ಮಾತು ಸೇರದೇ ಇದ್ರೆ ಲೆಕ್ಕನೇ ತಪ್ಪಾಗುತ್ತೆ.

ಇನ್ನೊಂದು ಲೆಕ್ಕ ನಮ್ಮ ಮಕ್ಕಳ ಕೈಲೇ ಹಾಕಿಸಿದ್ದೆ. ಭದ್ರಾ ಮೇಲ್ದಂಡೆ ಅಂದ್ರೆ 29.9 ಟಿಎಂಸಿ ಯೋಜನೆ, ನೀರು ಎತ್ತಬೇಕು. ಒಂದು ಟಿಎಂಸಿ ನೀರನ್ನ ಒಂದೇ ಒಂದು ಮೀಟರ್ ಎತ್ತೋಕೆ ಎಷ್ಟು ಕರೆಂಟ್ ಬೇಕು? ಒಂದು ಟಿಎಂಸಿ ಅಂದ್ರೆ 2.83 ಕೋಟಿ ಘನ ಮೀಟರ್, ಅಂದ್ರೆ 2.83 ಕೋಟಿ ಟನ್. 9.8ರಿಂದ ಗುಣಿಸಿ ಯೂನಿಟ್‌ಗೆ ತಂದ್ರೆ ಸುಮಾರು 77 ಸಾವಿರ ಯೂನಿಟ್. ಪಂಪು ಮೋಟರು ಸೇರಿ ದಕ್ಷತೆ 70 ಪರ್ಸೆಂಟ್ ಹಿಡಿದ್ರೆ 1.1 ಲಕ್ಷ ಯೂನಿಟ್. ಇದು ಒಂದು ಮೀಟರ್‌ಗೆ, ಒಂದು ಟಿಎಂಸಿಗೆ. ಹತ್ತನೇ ಕ್ಲಾಸಿನ ಭೌತಶಾಸ್ತ್ರ ಸಾಕು ಇದಕ್ಕೆ. ನಮಗೆ ನೀರು ಬೇಕೇ ಬೇಕು, ಈ ಯೋಜನೆಗೆ ನಮ್ಮ ತಾತನ ಕಾಲದಿಂದ ಹೋರಾಟ ಮಾಡಿದೀವಿ, ಆದ್ರೆ ನೀರಿನ ಜೊತೆಗೆ ವರ್ಷವರ್ಷ ಕರೆಂಟ್ ಬಿಲ್ಲೂ ಬರುತ್ತೆ ಅನ್ನೋದನ್ನ ಯಾವ ವೇದಿಕೆ ಮೇಲೂ ಯಾರೂ ಹೇಳಲ್ಲ.

ಬಿಇ ಹುಡುಗ, ದಾವಣಗೆರೆ

ಮೇಡಂ ಸೂಪರ್, ಈ ಲೆಕ್ಕ ಕಾಪಿ ಮಾಡ್ಕೊಂಡೆ. ಮೇಷ್ಟ್ರೇ ಒಂದು ಡೌಟು. ನಾವು ಇಲ್ಲಿ ಕೂಡಿ ಕಳೆದು ನೋಡೋದು ಸರಿ, ಆದ್ರೆ ದೊಡ್ಡ ದೊಡ್ಡ ಮಾಡೆಲ್ ಇರ್ತಾವಲ್ಲ ಸರ್, 2070ಕ್ಕೆ ನೆಟ್ ಝೀರೋ (ಬಿಡೋ ಇಂಗಾಲ, ಹೀರೋ ಇಂಗಾಲ ಸಮ ಆಗೋದು) ಅಂತೆಲ್ಲ, ಅದನ್ನ ನಮ್ಮಂಥೋರು ಪ್ರಶ್ನೆ ಮಾಡೋಕೆ ಸಾಧ್ಯನಾ? ಅದು ಪಿಎಚ್‌ಡಿ ಮಾಡಿದೋರ ಕೆಲಸ ಅಲ್ವಾ?

ಸ್ಟಾಟ್ಸ್ ಮೇಷ್ಟ್ರು, ದಾವಣಗೆರೆ

ತಮ್ಮ, ಒಳ್ಳೇ ಪ್ರಶ್ನೆ ಕೇಳಿದಿ. ಎರಡು ಕಥೆ ಹೇಳ್ತೀನಿ, ಎರಡೂ ನಡೆದಿದ್ದು.

ಮೊದಲನೇದು. ಆಸ್ಟ್ರಿಯಾದಲ್ಲಿ ಐಐಎಎಸ್‌ಎ ಅಂತ ಅಂತರರಾಷ್ಟ್ರೀಯ ಸಂಸ್ಥೆ ಐತಿ. 1970ರ ದಶಕದಲ್ಲಿ ಅಲ್ಲಿ ದೊಡ್ಡ ತಂಡ ಸೇರಿ ಇಡೀ ಜಗತ್ತಿಗೆ ಮುಂದಿನ 50 ವರ್ಷಕ್ಕೆ ಎಷ್ಟು ಇಂಧನ ಬೇಕು, ಎಲ್ಲಿಂದ ಬರಬೇಕು ಅಂತ ಕಂಪ್ಯೂಟರ್ ಮಾಡೆಲ್ ಕಟ್ಟಿದ್ರು, 1981ರಲ್ಲಿ ಪ್ರಕಟ ಆಯ್ತು. ಪರಮಾಣು ಬ್ರೀಡರ್ ರಿಯಾಕ್ಟರ್ ಥರದ ಭಾರಿ ಸ್ಥಾವರಗಳೇ ದಾರಿ ಅನ್ನೋ ಹಂಗೆ ಫಲಿತಾಂಶ ಬಂತು. ಅದೇ ಸಂಸ್ಥೆಗೆ ಕೆಲಸಕ್ಕೆ ಹೋದ ಬಿಲ್ ಕೀಪಿನ್ ಅನ್ನೋ ಯುವ ವಿಜ್ಞಾನಿ ಮಾಡೆಲ್‌ನ ಬಿಚ್ಚಿ ನೋಡಿದ್ರು. ಹಾಕಿದ ಬೆಲೆಗಳನ್ನ ಸ್ವಲ್ಪ ಬದಲಾಯಿಸಿದ್ರೆ ಉತ್ತರ ಪೂರ್ತಿ ಬದಲಾಗ್ತತಿ, ಅಷ್ಟೇ ಅಲ್ಲ, ಉತ್ತರದ ಬಹುಪಾಲು ಹಾಕಿದ ಇನ್‌ಪುಟ್‌ನಲ್ಲೇ ಕೂತತಿ, ಕೈಯಲ್ಲೇ ಲೆಕ್ಕ ಹಾಕಿದ್ರೂ ಹೆಚ್ಚುಕಡಿಮೆ ಅದೇ ಬರ್ತತಿ ಅಂತ ತೋರಿಸಿದ್ರು. 1984ರಲ್ಲಿ ಬ್ರಯಾನ್ ವಿನ್ ಅನ್ನೋರ ಜೊತೆ ಸೇರಿ ನೇಚರ್ ಪತ್ರಿಕೆಯಲ್ಲಿ ಬರೆದ್ರು. ಇದನ್ನ ಹಿಡಿದಿದ್ದೂ ಲೆಕ್ಕ ಬಲ್ಲೋನೇ, ಅದನ್ನ ಗಮನಿಸು. ಲೆಕ್ಕ ಬರದೋರು ಎಷ್ಟು ಕೂಗಾಡಿದ್ರೂ ಅದು ಬಯಲಿಗೆ ಬರ್ತಿರಲಿಲ್ಲ.

ಎರಡನೇದು ಡಿಸ್ಕೌಂಟ್ ರೇಟ್. ನೂರು ವರ್ಷ ಆದ್ಮೇಲೆ ಆಗೋ 100 ರೂಪಾಯಿ ನಷ್ಟ ಇವತ್ತಿಗೆ ಎಷ್ಟು ಅಂತ ಲೆಕ್ಕ ಹಾಕೋ ದರ ಅದು. 2006ರಲ್ಲಿ ಬ್ರಿಟನ್ನಿನ ನಿಕೋಲಸ್ ಸ್ಟರ್ನ್ ವರದಿ ಸುಮಾರು 1.4 ಪರ್ಸೆಂಟ್ ಹಿಡೀತು. ಆ ದರದಲ್ಲಿ 100 ರೂಪಾಯಿ ಇವತ್ತಿಗೆ 25 ರೂಪಾಯಿ ಆಗ್ತತಿ. ವಿಲಿಯಂ ನಾರ್ಡ್‌ಹೌಸ್, 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ ಅವರು, ಇದು ತೀರಾ ಕಡಿಮೆ ಆಯ್ತು, ಮಾರ್ಕೆಟ್‌ನಲ್ಲಿ ಹಣಕ್ಕೆ ಸಿಗೋ ಲಾಭಕ್ಕೆ ಹೊಂದಬೇಕು ಅಂತ ವಾದ ಮಾಡಿದ್ರು. 5 ಪರ್ಸೆಂಟ್ ಹಿಡಿದು ನೋಡು, ಅದೇ 100 ರೂಪಾಯಿ 76 ಪೈಸೆ ಆಗ್ತತಿ. ಇಂಗಾಲಕ್ಕೆ ಈಗಲೇ ಕಡಿವಾಣ ಹಾಕಬೇಕಾ, ನಿಧಾನಕ್ಕೆ ನೋಡೋಣವಾ ಅನ್ನೋ ಜಗಳದಲ್ಲಿ ದೊಡ್ಡ ಪಾಲು ಈ ಒಂದು ದರದ್ದೇ. ಅಮೆರಿಕದಲ್ಲಿ ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಿಂದ ಆಗೋ ನಷ್ಟ 51 ಡಾಲರ್ ಅಂತ 2021ರಲ್ಲಿ ಹಿಡಿದಿದ್ರು, 2023ರ ಕೊನೆಗೆ ಅಲ್ಲಿನ ಪರಿಸರ ಇಲಾಖೆನೇ 190 ಡಾಲರ್ ಅಂತು. ದರ ಇಳಿಸಿದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಮೊಮ್ಮಕ್ಕಳ ಕಾಲದ ನಷ್ಟಕ್ಕೆ ಇವತ್ತು ಎಷ್ಟು ಬೆಲೆ ಕೊಡಬೇಕು ಅನ್ನೋದು ಪಿಎಚ್‌ಡಿ ಪ್ರಶ್ನೆ ಅಲ್ಲ. ನಿಮ್ಮಜ್ಜಿನೂ ಉತ್ತರ ಹೇಳಬಲ್ಲರು, ಮತ್ತ ಹೇಳೋ ಹಕ್ಕೂ ಅವರಿಗೆ ಐತಿ. ಆ ಉತ್ತರ ತಗೊಂಡು ಮುಂದಿನ ಗುಣಾಕಾರ ಮಾಡೋದು ಮಾತ್ರ ತಜ್ಞರ ಕೆಲಸ. ಈ ಎರಡನ್ನ ಬೇರೆ ಮಾಡಿ ತೋರಿಸದೇ ಇರೋದೇ ನನ್ನ ತಕರಾರು.

ಕಾವಲು, ಚಳ್ಳಕೆರೆ

ಎಲ್ಲಾ ಓದಿದೆ. ನನ್ನದು ಬೇರೆ ಥರದ ಸಂಕಟ. ಲೆಕ್ಕದ ಹಾಳೇಲಿ ಕಾಲಮ್ಮೇ ಇಲ್ಲದಿದ್ರೆ ಏನ್ ಮಾಡೋದು?

ನಮ್ಮ ಕಡೆ ಅಮೃತ್ ಮಹಲ್ ಕಾವಲು, ಅಂದ್ರೆ ದನಕರು ಮೇಯೋ ಹಳೇ ಹುಲ್ಲುಗಾವಲು. ಕುದಾಪುರ ಸುತ್ತ 9 ಸಾವಿರ ಎಕರೆ ಮೇಲೆ ಐಐಎಸ್‌ಸಿ, ಡಿಆರ್‌ಡಿಓ, ಬಾರ್ಕ್, ಇಸ್ರೋ ಥರದ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ, ಜೊತೆಗೆ ಒಂದು ಸೋಲಾರ್ ಕಂಪನಿಗೆ ಹೋಯ್ತು. ಕೇಸು ಹಸಿರು ನ್ಯಾಯಮಂಡಳಿ ತನಕ ಹೋಗಿತ್ತು. ಹುಲ್ಲುಗಾವಲನ್ನ ಸರ್ಕಾರಿ ನಕ್ಷೆಗಳಲ್ಲಿ ಬಹಳ ಕಡೆ ಉಪಯೋಗಕ್ಕೆ ಬಾರದ ಜಮೀನಿನ ಲೆಕ್ಕಕ್ಕೆ ಸೇರಿಸ್ತಾರೆ, ಸೋಲಾರ್‌ಗೆ ಗಾಳಿಯಂತ್ರಕ್ಕೆ ಎಲ್ಲಿ ಜಾಗ ಐತೆ ಅಂತ ಹುಡುಕೋರಿಗೆ ಕಂಪ್ಯೂಟರ್ ಮೊದಲು ತೋರಿಸೋದೇ ಆ ಜಮೀನು. ಅಲ್ಲಿ ಕುರಿ ಮೇಯ್ತವೆ, ಆ ಉಣ್ಣೇಲಿ ಚಳ್ಳಕೆರೆ ಕಂಬಳಿ ಆಗ್ತದೆ, ಮಳೆಗಾಲದಲ್ಲಿ ಆ ಹುಲ್ಲು ನಂಬ್ಕೊಂಡು ಎಷ್ಟೋ ಹಟ್ಟಿ ಬದುಕ್ತವೆ. ಇದರ ಬೆಲೆ ಯಾವ ಕಾಲಮ್‌ನಲ್ಲಿ ಬರೀತಾರೆ? ಬರೆಯದಿದ್ದ ಮೇಲೆ ಸೊನ್ನೆ ಅಂತಲೇ ಆಯ್ತಲ್ಲ.

ಪಕ್ಕದ ಪಾವಗಡದ ಸೋಲಾರ್ ಪಾರ್ಕ್ ನೋಡಿ. 13 ಸಾವಿರ ಎಕರೆ, 2050 ಮೆಗಾವ್ಯಾಟ್. ಜಮೀನು ಕೊಂಡ್ಕೊಳ್ದೆ ಬಾಡಿಗೆಗೆ ತಗೊಂಡ್ರು, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಬರದ ಸೀಮೆ ರೈತನಿಗೆ ಒಳ್ಳೇ ಯೋಚನೆ, ನಾನು ಮೆಚ್ತೀನಿ. ಆದ್ರೆ ಬಾಡಿಗೆ ಬಂದಿದ್ದು ಪಹಣಿಲಿ ಹೆಸರಿದ್ದೋರಿಗೆ. ಅದೇ ಹೊಲದಲ್ಲಿ ಶೇಂಗಾ ಕೀಳಕ್ಕೆ ಹೋಗ್ತಿದ್ದ ಹೆಣ್ಮಕ್ಕಳ ಕೂಲಿ ಯಾವ ಹಾಳೇಲೂ ಇರಲಿಲ್ಲ. ಅದೂ ಎಣಿಸಬಹುದಾದ ನಂಬರೇ ಅಲ್ವಾ? ಯಾರೂ ಎಣಿಸಲಿಲ್ಲ, ಅಷ್ಟೇ.

ನಿವೃತ್ತ ಲೈನು

ನಾನು ವಿದ್ಯುತ್ ಕಂಪನಿಯಲ್ಲೇ ಕೆಲಸ ಮಾಡಿ ರಿಟೈರ್ ಆದವನು, ಯಾವ ಡಿವಿಷನ್ ಅಂತ ಹೇಳಲ್ಲ. ಮೇಷ್ಟ್ರು ಹೇಳಿದ ಐಪಿ ಸೆಟ್ ಅಂದಾಜಿನ ಒಳಗಿನ ವಿಷಯ ಹೇಳ್ತೀನಿ ಕೇಳಿ.

ಟ್ರಾನ್ಸ್‌ಫಾರ್ಮರ್‌ಗೆ ಮೀಟರ್ ಹಾಕಿರ್ತೀವಿ. ಮೀಟರ್‌ಗೆ ಕರೆಂಟ್ ಅಳೆದು ಕೊಡೋ ಸಿಟಿ ಅನ್ನೋ ಭಾಗ ಸುಟ್ಟು ಹೋಗ್ತದೆ, ಟಿಸಿ (ನಾವು ಟ್ರಾನ್ಸ್‌ಫಾರ್ಮರ್‌ಗೆ ಹಂಗಂತೀವಿ) ಸುಟ್ಟು ಬೇರೆ ತಂದು ಕೂರಿಸುವಾಗ ಮೀಟರ್ ವೈರು ಹಂಗೇ ನೇತಾಡ್ತಿರ್ತದೆ, ರೈತರು ನೀರಿಲ್ಲ ಅಂತ ಸುತ್ತ ನಿಂತಿರ್ತಾರೆ, ಮೊದಲು ಕರೆಂಟ್ ಕೊಟ್ಟು ಬಾ ಅಂತಾರೆ ಮೇಲಿನೋರು, ಮೀಟರ್ ಕನೆಕ್ಷನ್ ನಾಳೆ ನೋಡೋಣ ಅಂತ ಬಿಟ್ಟಿದ್ದು ಆರು ತಿಂಗಳು ಹಂಗೇ ಇರ್ತದೆ. ತಿಂಗಳ ಕೊನೆಗೆ ರೀಡಿಂಗ್ ಕೇಳ್ತಾರೆ. ಸರಿಯಾಗಿ ಓಡ್ತಿರೋ ಕೆಲವು ಟಿಸಿ ರೀಡಿಂಗ್ ತಗೊಂಡು ಉಳಿದಿದ್ದಕ್ಕೆಲ್ಲ ಹರಡ್ತಾರೆ. ಆ ಕೆಲವು ಟಿಸಿ ಯಾವ ಥರದ ಊರಲ್ಲಿವೆ ಅಂತ ಯಾರೂ ಕೇಳಲ್ಲ. ಕಾಲುವೆ ಪಕ್ಕ 60 ಅಡಿಯಿಂದ ನೀರೆತ್ತೋ ಪಂಪೂ ಒಂದೇ, ನಿಮ್ಮ ಹೊಳಲ್ಕೆರೆಲಿ 800 ಅಡಿಯಿಂದ ಎತ್ತೋ ಪಂಪೂ ಒಂದೇ ಅಂತ ಆಗ್ತದೆ. ಯಾರೋ ಕೂತು ಮೋಸ ಮಾಡಿದ್ದಲ್ಲ ಇದು. ಕೆಲಸದ ಒತ್ತಡದಲ್ಲಿ ಆದ ಸಣ್ಣ ಸಣ್ಣ ಬಿಟ್ಟಿದ್ದು ಸೇರಿ ಬೆಂಗಳೂರಿನ ಟೇಬಲ್‌ನಲ್ಲಿ ಎರಡು ದಶಮಾಂಶದ ನಂಬರ್ ಆಗಿ ಕೂರ್ತದೆ.

ರೈತರೂ ಮೀಟರ್ ಬೇಡ ಅಂತಾರೆ, ಅದಕ್ಕೂ ಕಾರಣ ಐತೆ, ಇವತ್ತು ಮೀಟರ್ ಬಂದ್ರೆ ನಾಳೆ ಬಿಲ್ ಬತ್ತದೆ ಅನ್ನೋ ಭಯ. ನನ್ನ ಅಭಿಪ್ರಾಯ, ಒಬ್ಬೊಬ್ಬ ರೈತನಿಗೆ ಮೀಟರ್ ಅಂತ ಹಠ ಹಿಡಿಯೋ ಬದಲು ಟಿಸಿ ಮೀಟರ್ ನೆಟ್ಟಗೆ ಇಟ್ರೆ ಸಾಕು, ಯಾರ ಹೆಸರಿಗೂ ಬಿಲ್ ಇಲ್ಲ, ಲೆಕ್ಕ ಮಾತ್ರ ನಿಜ.

ಇನ್ನು ಬಿಇ ಹುಡುಗನಿಗೆ ಒಂದು ಮಾತು. ಬೆಂಗಳೂರಿನ ಐಐಎಸ್‌ಸಿಲಿ ಅಮೂಲ್ಯ ರೆಡ್ಡಿ ಅಂತ ಪ್ರೊಫೆಸರ್ ಇದ್ರು, ಅಸ್ತ್ರ ಒಲೆ ಹೆಸರು ಕೇಳಿರ್ತೀಯ, ಹೊಗೆ ಕಡಿಮೆ ಬರೋದು, ನಿಮ್ಮ ಅಜ್ಜಿ ಮನೇಲಿ ಇದ್ದಿರಬಹುದು, ಆ ಅಸ್ತ್ರ ಕೇಂದ್ರ 1974ರಲ್ಲಿ ಶುರು ಮಾಡಿದೋರೇ ಇವರು. 1980ರ ದಶಕದ ಕೊನೆಗೆ ರಾಜ್ಯದ ಸಮಿತಿ ಒಂದು 2000ನೇ ಇಸವಿಗೆ ಕರ್ನಾಟಕಕ್ಕೆ ಇಷ್ಟು ಕರೆಂಟ್ ಬೇಕು, ಇಷ್ಟು ಸ್ಥಾವರ ಕಟ್ಟಬೇಕು ಅಂತ ಭಾರಿ ಪ್ಲ್ಯಾನ್ ಕೊಟ್ಟಿತ್ತು. ರೆಡ್ಡಿಯವರ ತಂಡ ಅದೇ ರಾಜ್ಯಕ್ಕೆ ಬೇರೆ ಲೆಕ್ಕ ಹಾಕ್ತು. ಜನರಿಗೆ ಬೇಕಾಗಿರೋದು ಬೆಳಕು, ನೀರು, ಅಡುಗೆ, ಅದಕ್ಕೆ ಕಡಿಮೆ ಕರೆಂಟಲ್ಲಿ ಏನ್ ಮಾಡಬಹುದು ಅಂತ ಬಲ್ಬಿಂದ ಹಿಡಿದು ಪಂಪಿನ ಫುಟ್‌ವಾಲ್ವ್ ತನಕ ಎಣಿಸಿದ್ರು. ಸಮಿತಿ ಕೇಳಿದ್ದರ ಅರ್ಧಕ್ಕಿಂತ ಕಡಿಮೆ ಸಾಕು ಅಂತ ಬಂತು, ಹಳ್ಳಿಮನೆಗಳಿಗೆಲ್ಲ ಕರೆಂಟ್ ಕೊಟ್ಟೂ. ಸರ್ಕಾರ ಪೂರ್ತಿ ಒಪ್ಪಲಿಲ್ಲ ಅಂತಿಟ್ಕೊ, ಆದ್ರೆ ಅಲ್ಲಿಂದ ಮುಂದೆ ಕರ್ನಾಟಕದ ಕರೆಂಟ್ ಬಗ್ಗೆ ಒಂದೇ ಲೆಕ್ಕ ಐತೆ ಅಂತ ಯಾರೂ ಹೇಳೋ ಹಂಗಿರಲಿಲ್ಲ.

ಬಿಇ ಹುಡುಗ, ದಾವಣಗೆರೆ

ಸರ್ ಇದು ನಮ್ಮ ಸಿಲಬಸ್‌ನಲ್ಲಿ ಯಾಕಿಲ್ಲ??

ಈ ಥರ ಓಪನ್ ಆಗಿ ನೋಡಬಹುದಾದ ಮಾಡೆಲ್ ಹುಡುಕಿದೆ. ಬ್ರಿಟನ್‌ನಲ್ಲಿ ಡೇವಿಡ್ ಮೆಕೇ ಅಂತ ಕೇಂಬ್ರಿಡ್ಜ್ ಭೌತಶಾಸ್ತ್ರಜ್ಞರು 2009ರಿಂದ 2014ರ ತನಕ ಇಂಧನ ಇಲಾಖೆಗೆ ಮುಖ್ಯ ವೈಜ್ಞಾನಿಕ ಸಲಹೆಗಾರರಾಗಿದ್ರಂತೆ. ಅವರಿದ್ದಾಗ 2050 ಕ್ಯಾಲ್ಕುಲೇಟರ್ ಅಂತ ಮಾಡಿ ಜನರಿಗೇ ಬಿಟ್ರಂತೆ, ನೀವೇ ಗಾಳಿಯಂತ್ರ ಜಾಸ್ತಿ ಮಾಡಿ, ಕಾರು ಕಡಿಮೆ ಮಾಡಿ, ಒಟ್ಟು ಏನಾಗುತ್ತೆ ನೋಡಿ ಅಂತ. ಅದೇ ಮಾದರಿ ನಮ್ಮ ಯೋಜನಾ ಆಯೋಗದೋರೂ 2014ರಲ್ಲಿ 2047ರ ತನಕದ್ದು ಮಾಡಿದ್ರು, ಆಮೇಲೆ ನೀತಿ ಆಯೋಗ ಮುಂದುವರೆಸಿತು. ಇಡೀ ದೇಶಕ್ಕೆ ಮಾಡೋದಾದ್ರೆ ದುರ್ಗ, ದಾವಣಗೆರೆ ಎರಡೇ ಜಿಲ್ಲೆಗೆ ಕನ್ನಡದಲ್ಲಿ ಒಂದು ಎಕ್ಸೆಲ್ ಮಾಡಕ್ಕಾಗಲ್ವಾ? ಗಾಳಿ ಎಷ್ಟು, ಪಂಪ್ ಎಷ್ಟು, ಮೆಕ್ಕೆಜೋಳದಿಂದ ಅಡಿಕೆಗೆ ಎಷ್ಟು ಎಕರೆ ಹೋದ್ರೆ ಕರೆಂಟ್ ಎಷ್ಟು ಏರುತ್ತೆ, ಇಷ್ಟು ಸಾಕು.

ಅಡಿಕೆ ತೋಟ, ಹೊಳಲ್ಕೆರೆ

ಮಾಡು ತಮ್ಮ, ಅಡಿಕೆ ಕಡೆ ಬೆರಳು ತೋರಿಸ್ತೀಯ ಅಂತ ನನಗೇನೂ ಬೇಜಾರಿಲ್ಲ, ನಿಜ ಗೊತ್ತಾಗಲಿ. ಆದ್ರೆ ನನ್ನದೊಂದು ಪ್ರಶ್ನೆಗೆ ಉತ್ತರ ಬೇಕು. 2023ರಲ್ಲಿ ಬರ ಬಂತು, 223 ತಾಲ್ಲೂಕು ಬರ ಅಂತ ಘೋಷಣೆ ಆಯ್ತು. ಅಕ್ಟೋಬರ್‌ನಲ್ಲಿ 7 ಗಂಟೆ ಇದ್ದ ತ್ರೀ ಫೇಸ್ 5 ಗಂಟೆಗೆ ಇಳೀತು. ಗಿಡ ಕಣ್ಣೆದುರಿಗೆ ಒಣಗ್ತಿದ್ವು, ಟ್ಯಾಂಕರ್ ನೀರು ಹೊಡೆಸಿದೋರು ಎಷ್ಟೋ ಜನ ಸಾಲ ಮಾಡ್ಕೊಂಡ್ರು. ಇಷ್ಟೆಲ್ಲ ಮಾಡೆಲ್ ಇಟ್ಕೊಂಡು ಮುಂಚೆ ಯಾಕೆ ಗೊತ್ತಾಗಲಿಲ್ಲ?

ಸ್ಟಾಟ್ಸ್ ಮೇಷ್ಟ್ರು, ದಾವಣಗೆರೆ

ಅಣ್ಣಾರೇ, ಈ ಇಡೀ ಚರ್ಚೆಲಿ ಬಂದ ದೊಡ್ಡ ಪ್ರಶ್ನೆ ಇದು, ನಿಧಾನಕ್ಕೆ ಬರೀತೀನಿ.

ಎರಡು ಅಪಾಯ ಅದಾವು. ಒಂದು, ಜಲಾಶಯಕ್ಕೆ ನೀರು ಬರದೆ ಜಲವಿದ್ಯುತ್ ಕಡಿಮೆ ಆಗೋದು. ಇನ್ನೊಂದು, ಪಂಪ್‌ಸೆಟ್ ಬೇಡಿಕೆ ಒಮ್ಮೆಲೇ ಏರೋದು. ಲೆಕ್ಕಕ್ಕೋಸ್ಕರ ಎರಡೂ ಹತ್ತು ವರ್ಷಕ್ಕೊಮ್ಮೆ ಆಗ್ತಾವೆ ಅಂತ ಇಟ್ಕೊಳ್ರಿ. ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ ಅಂದ್ರೆ ಎರಡೂ ಒಂದೇ ವರ್ಷ ಬೀಳೋದು ನೂರು ವರ್ಷಕ್ಕೊಮ್ಮೆ. ನೂರು ವರ್ಷಕ್ಕೊಮ್ಮೆ ಬರೋದಕ್ಕೆ ಯಾರು ದುಡ್ಡು ಖರ್ಚು ಮಾಡ್ತಾರೆ, ಬಿಡ್ತಾರೆ. ಆದ್ರೆ ನಿಮಗೆ ಗೊತ್ತೈತಲ್ಲ, ಎರಡಕ್ಕೂ ಕಾರಣ ಒಂದೇ, ಮುಂಗಾರು ಕೈ ಕೊಡೋದು. ಲಿಂಗನಮಕ್ಕಿ ತುಂಬದ ವರ್ಷನೇ ನಿಮ್ಮ ಬೋರ್ ಹಗಲೂ ರಾತ್ರಿ ಓಡಬೇಕಾಗಿರೋದು. ಹಂಗಾಗಿ ಎರಡೂ ಒಟ್ಟಿಗೆ ಬೀಳೋದು ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆನೇ. ಬೇಡಿಕೆಯ ಅಂದಾಜು ಒಬ್ರು, ಜಲಾಶಯದ ಅಂದಾಜು ಇನ್ನೊಬ್ರು ಬೇರೆ ಬೇರೆ ಸರಾಸರಿ ಮೇಲೆ ಮಾಡಿ ಕೊನೆಗೆ ಕೂಡಿಸಿದ್ರೆ ಈ ಸಂಬಂಧ ಕಾಗದದಿಂದ ಜಾರಿ ಹೋಗ್ತತಿ. ಆಮೇಲೆ ಅವಸರಕ್ಕೆ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ ರಾಜ್ಯದ ಖಾಸಗಿ ಉತ್ಪಾದಕರು ಇಲ್ಲಿಗೇ ಕೊಡಬೇಕು ಅಂತ ಆದೇಶ ಮಾಡಬೇಕಾಯ್ತು.

ಇದರ ಉಲ್ಟಾ ತಪ್ಪೂ ಆಗೈತಿ. ಕೇಂದ್ರದ 18ನೇ ವಿದ್ಯುತ್ ಸಮೀಕ್ಷೆ 2016-17ಕ್ಕೆ ದೇಶದ ಗರಿಷ್ಠ ಬೇಡಿಕೆ ಸುಮಾರು 2 ಲಕ್ಷ ಮೆಗಾವ್ಯಾಟ್ ಆಗ್ತತಿ ಅಂದಿತ್ತು, ಆಗಿದ್ದು 1.6 ಲಕ್ಷದ ಹತ್ತಿರ. ಇಂಥ ಅಂದಾಜು ನಂಬಿ ಕಟ್ಟಿದ ಸ್ಥಾವರಗಳ ಕಥೆ ಏನಾಯ್ತು? 2018ರ ಹೊತ್ತಿಗೆ 34 ಥರ್ಮಲ್ ಯೋಜನೆ, ಸುಮಾರು 40 ಸಾವಿರ ಮೆಗಾವ್ಯಾಟ್, ಬ್ಯಾಂಕ್ ಸಾಲ ತೀರಿಸಲಾಗದ ಪಟ್ಟಿಲಿ ಬಂದ್ವು, ಸಂಸತ್ತಿನ ಸ್ಥಾಯಿ ಸಮಿತಿನೇ ಅದನ್ನ ಪರಿಶೀಲಿಸ್ತು. ಕಲ್ಲಿದ್ದಲು ಸಿಗದಿದ್ದು, ಕೊಳ್ಳೋರಿಲ್ಲದಿದ್ದು ಅಂತ ಬೇರೆ ಕಾರಣಗಳೂ ಇದ್ವು, ಆದ್ರೆ ಬೇಡಿಕೆ ಬರಲಿಲ್ಲ ಅನ್ನೋದು ದೊಡ್ಡದು. ಜಾಸ್ತಿ ಅಂದಾಜು ಮಾಡಿದ್ರೆ ಬ್ಯಾಂಕ್ ದುಡ್ಡು ಮುಳುಗ್ತತಿ, ಕಡಿಮೆ ಮಾಡಿದ್ರೆ ತೋಟ ಒಣಗ್ತತಿ. ಹವಾಮಾನ ಬದಲಾದಂಗೆ ಹಳೇ 30 ವರ್ಷದ ಮಳೆ ಸರಾಸರಿ ಮೇಲೆ ಪ್ಲ್ಯಾನ್ ಮಾಡೋದು ಇನ್ನೂ ಅಪಾಯ. ಒಂದೇ ನಂಬರ್ ಕೊಡೋ ತಜ್ಞರನ್ನ ನಂಬಬ್ಯಾಡ್ರಿ. ಮಳೆ ಕೈ ಕೊಟ್ರೆ ಎಷ್ಟು, ಚೆನ್ನಾಗಿ ಬಂದ್ರೆ ಎಷ್ಟು ಅಂತ ಎರಡೂ ಹೇಳೋರನ್ನ ಕೂರಿಸ್ರಿ.

ಗಾಳಿಗುಡ್ಡ, ಚಿತ್ರದುರ್ಗ

ಮೇಷ್ಟ್ರ ಈ ಪೋಸ್ಟ್ ಪಿನ್ ಮಾಡಬೇಕು. ಒಟ್ಟಿಗೆ ಬೀಳೋ ವಿಷಯ ನಾನೂ ಹಿಂಗೆ ಯೋಚನೆ ಮಾಡಿರಲಿಲ್ಲ. ಒಂದು ಸೇರಿಸ್ತೀನಿ, ಮುಂಗಾರು ದುರ್ಬಲ ಆದ ವರ್ಷ ಗಾಳಿನೂ ಏನಾಗುತ್ತೆ ಅಂತ ನೋಡಬೇಕು. ಅದೂ ಕಡಿಮೆ ಆದ್ರೆ ಮೂರೂ ಒಟ್ಟಿಗೆ.

ನಿವೃತ್ತ ಲೈನು

ಬರೀ ಮಾತಾಡಿದ್ದು ಸಾಕು, ಒಂದು ಟಿಸಿ ಹಿಡಿದು ಅಳತೆ ಮಾಡೋಣ. ನನ್ನ ಹತ್ರ ಕ್ಲಾಂಪ್ ಮೀಟರ್ ಐತೆ. ಹೊಳಲ್ಕೆರೆಯೋರು ಒಪ್ಪಿದ್ರೆ ಅವರ ಪಂಪಿಂದ ಶುರು. ಮೂರೂ ಫೇಸ್‌ನ ಆಂಪ್ಸ್, ವೋಲ್ಟೇಜ್ ಬರ್ಕೊಂಡು 1.732, ವೋಲ್ಟೇಜ್, ಆಂಪ್ಸ್, ಪವರ್ ಫ್ಯಾಕ್ಟರ್ ನಾಲ್ಕನ್ನೂ ಗುಣಿಸಿದ್ರೆ ವ್ಯಾಟ್ ಸಿಗ್ತದೆ. 350 ವೋಲ್ಟು, 13 ಆಂಪ್ಸು, ಪವರ್ ಫ್ಯಾಕ್ಟರ್ 0.8 ಅಂತ ಹಿಡಿದ್ರೆ 6.3 ಕಿಲೋವ್ಯಾಟ್, 7 ಗಂಟೆಗೆ 44 ಯೂನಿಟ್. ಮೋಟರ್ ಪ್ಲೇಟ್ ಮೇಲಿನ ಎಚ್‌ಪಿ ನೋಡಿ ಲೆಕ್ಕ ಹಾಕಬೇಡಿ, ಅದು ಶಾಫ್ಟ್‌ಗೆ ಸಿಗೋ ಶಕ್ತಿ, ಲೈನಿಂದ ಎಳೆಯೋದು ಬೇರೆ. ಪ್ಯಾನಲ್ ಬೋರ್ಡ್ ನಾನೇ ತೆಗೀತೀನಿ, ಹುಡುಗರು ಯಾರೂ ಕೈ ಹಾಕಬಾರದು.

ಅಡಿಕೆ ತೋಟ, ಹೊಳಲ್ಕೆರೆ

ಬನ್ನಿ ಸಾರ್, ನಮ್ಮ ಟಿಸಿಗೆ ಸೇರಿದ ಬೇರೆ ರೈತರಿಗೂ ನಾನು ಹೇಳ್ತೀನಿ. ಹೆಸರು ಎಲ್ಲೂ ಬರಬಾರದು ಅನ್ನೋದೊಂದೇ ಷರತ್ತು. ಮಳೆ ಮಾಪನದ ಪಕ್ಕ ಒಂದು, ನಮ್ಮ ತೋಟದಲ್ಲಿ ಒಂದು ಅಂತ ಮಳೆ ಡಬ್ಬನೂ ಇಡೋಣ, ಹಿರಿಯೂರಕ್ಕ ಹೆಂಗೆ ಅಳೀಬೇಕು ಅಂತ ಹೇಳಿಕೊಡಲಿ.

ಹಿರಿಯೂರು ಅಕ್ಕ

ಖಂಡಿತ ಅಣ್ಣ. ಬೆಳಿಗ್ಗೆ 8.30ಕ್ಕೇ ದಿನಾ ಬರೀಬೇಕು, ಹವಾಮಾನ ಇಲಾಖೆ ಅಳೆಯೋ ಟೈಮೂ ಅದೇ. ಮರದ ಕೆಳಗೆ ಇಡಬೇಡಿ, ಬಯಲಲ್ಲಿಡಿ.

ಬಿಇ ಹುಡುಗ, ದಾವಣಗೆರೆ

ಎಕ್ಸೆಲ್ ನಾನು ಶುರು ಮಾಡ್ತೀನಿ. ಚಳ್ಳಕೆರೆ ಅಣ್ಣ ಹೇಳಿದ ಕೂಲಿ, ಮೇವು ಎರಡಕ್ಕೂ ಕಾಲಮ್ ಇಡ್ತೀನಿ, ಸದ್ಯಕ್ಕೆ ಖಾಲಿ ಇರುತ್ತೆ. ಮೇಷ್ಟ್ರೇ, ಫೀಡರ್‌ನ ತಿಂಗಳ ರೀಡಿಂಗ್ ಆರ್‌ಟಿಐ ಹಾಕಿದ್ರೆ ಎಕ್ಸೆಲ್‌ನಲ್ಲಿ ಕೊಡ್ತಾರಾ ಪ್ರಿಂಟ್ ಕೊಡ್ತಾರಾ?

ಸ್ಟಾಟ್ಸ್ ಮೇಷ್ಟ್ರು, ದಾವಣಗೆರೆ

ಎಕ್ಸೆಲ್ ಅಂತ ಅರ್ಜಿಲೇ ಬರಿ, ಇಲ್ಲಾಂದ್ರೆ ಪ್ರಿಂಟ್ ಬರ್ತತಿ. ಪ್ರಿಂಟ್ ಬಂದ್ರೂ ಪರವಾಗಿಲ್ಲ, ನಮ್ಮ ಬಿಎಸ್ಸಿ ಹುಡುಗ್ರು ಟೈಪ್ ಮಾಡ್ತಾರೆ. ಫೀಡರ್ ಹೆಸರು, ಸಬ್‌ಸ್ಟೇಷನ್ ಹೆಸರು ಎರಡೂ ನಿವೃತ್ತ ಲೈನು ಸಾರ್ ಹತ್ರ ಕೇಳಿ ಸರಿಯಾಗಿ ಹಾಕು, ಒಂದೇ ಹೆಸರಿನ ಫೀಡರ್ ಎರಡು ಇರ್ತಾವು.